ಗ್ಯಾಸ್ಟ್ರಿಕ್ ಬ್ಯಾಂಡ್ ಹಾಕಿಸಿಕೊಂಡ ಮೇಲೆ ತೂಕ ನಿಂತುಹೋಗಿದೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ದಾವಣಗೆರೆಯಲ್ಲಿ ಹೈಸ್ಕೂಲ್ ಟೀಚರ್. 2013ರಲ್ಲಿ ಬೆಂಗಳೂರಿಗೆ ಹೋಗಿ, ತೂಕ ಇಳಿಸಲು ಆಪರೇಷನ್ ಮಾಡಿ ಜಠರಕ್ಕೆ ತೊಡಿಸುವ ಗ್ಯಾಸ್ಟ್ರಿಕ್ ಬ್ಯಾಂಡ್ ಹಾಕಿಸಿಕೊಂಡೆ. ಆಗ ನನ್ನ ತೂಕ 112 ಕೆಜಿ. ಮೊದಲ 11 ತಿಂಗಳಲ್ಲಿ 24 ಕೆಜಿ ಇಳಿಯಿತು. ಆಮೇಲೆ 88ಕ್ಕೆ ಬಂದು ನಿಂತಿತು ನೋಡಿ, ಏಳು ತಿಂಗಳು ಅದಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಆ ಏಳು ತಿಂಗಳು ನಾನು ಪಟ್ಟ ಪಾಡು ಬೇರೆಯವರಿಗೆ ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ. ದಾವಣಗೆರೆ, ಚಿತ್ರದುರ್ಗ, ಹರಿಹರ, ಚಳ್ಳಕೆರೆ ಕಡೆಯಿಂದ ಪರಿಚಯದವರ ಪರಿಚಯದವರು ಫೋನ್ ಮಾಡಿ ಕೇಳುವ ಪ್ರಶ್ನೆಗಳೇ ಇಲ್ಲಿರುವುದು. ನಾನು ಡಾಕ್ಟರ್ ಅಲ್ಲ. ನಿಮ್ಮ ಬ್ಯಾಂಡಿನ ವಿಷಯದಲ್ಲಿ ಕೊನೆಯ ಮಾತು ನಿಮ್ಮ ಸರ್ಜನ್‌ದೇ.

ಎರಡು ವಾರದಿಂದ ತೂಕ ಇಳಿದಿಲ್ಲ. ಬ್ಯಾಂಡ್ ಕೆಟ್ಟುಹೋಯಿತಾ?

ಇಲ್ಲ. ಎರಡು ವಾರಕ್ಕೆ ಹೆದರಬೇಡಿ. ಬ್ಯಾಂಡ್‌ನಲ್ಲಿ ತೂಕ ನಿಧಾನವಾಗಿಯೇ ಇಳಿಯುತ್ತದೆ. ಚೆನ್ನಾಗಿ ಇಳಿಯುವ ಕಾಲದಲ್ಲೂ ವಾರಕ್ಕೆ ಅರ್ಧದಿಂದ ಒಂದು ಕೆಜಿ ಅಷ್ಟೇ. ಹಿಂದಿನ ದಿನ ಉಪ್ಪಿನಕಾಯಿ, ಹಪ್ಪಳ ಜಾಸ್ತಿ ತಿಂದಿದ್ದರೆ ಮೈಯಲ್ಲಿ ನೀರು ನಿಲ್ಲುತ್ತದೆ. ಹೆಂಗಸರಿಗೆ ಮುಟ್ಟಿನ ಮುಂಚೆ ಒಂದೆರಡು ಕೆಜಿ ಏರುವುದೂ ಉಂಟು. ಮಲಬದ್ಧತೆ ಇದ್ದರೂ ತೂಕ ಜಾಸ್ತಿ ತೋರಿಸುತ್ತದೆ. ಇದ್ಯಾವುದೂ ಕೊಬ್ಬಲ್ಲ.

ವಾರಕ್ಕೆ ಒಂದೇ ಸಲ, ಒಂದೇ ದಿನ, ಬೆಳಿಗ್ಗೆ ಎದ್ದು ಬಾತ್ರೂಮಿಗೆ ಹೋಗಿ ಬಂದ ಮೇಲೆ ತೂಕ ನೋಡಿ. ಜೊತೆಗೆ ಟೇಪ್ ಹಿಡಿದು ಸೊಂಟದ ಸುತ್ತಳತೆ ಬರೆದಿಡಿ. ನಾಲ್ಕರಿಂದ ಆರು ವಾರ ತೂಕವೂ ಅಲ್ಲೇ, ಸುತ್ತಳತೆಯೂ ಅಲ್ಲೇ ಅಂದರೆ ಆಗ ನಿಜವಾಗಿ ನಿಂತಿದೆ ಅಂತ ಲೆಕ್ಕ. ನನಗೆ ಒಂದು ಸಲ ತೂಕ ಮೂರು ವಾರ ನಿಂತಿತ್ತು, ಬ್ಲೌಸ್ ಮಾತ್ರ ಸಡಿಲವಾಗಿತ್ತು. ಟೈಲರ್ ಹೇಳಿದ ಮೇಲೇ ನನಗೆ ಗೊತ್ತಾಗಿದ್ದು.

ಚೆನ್ನಾಗಿ ಇಳಿಯುತ್ತಿದ್ದ ತೂಕ ಯಾಕೆ ನಿಲ್ಲುತ್ತದೆ?

ಮನೆಗೆ ತರುವ 25 ಕೆಜಿ ಅಕ್ಕಿ ಚೀಲ ನೆನಪು ಮಾಡಿಕೊಳ್ಳಿ. ನಾನು ಇಳಿಸಿದ್ದು ಹೆಚ್ಚುಕಡಿಮೆ ಅಷ್ಟೇ ತೂಕ. ಅಂಥ ಚೀಲವನ್ನು ಹೆಗಲ ಮೇಲೆ ಹೊತ್ತು ದಿನವಿಡೀ ಓಡಾಡಿದರೆ ಎಷ್ಟು ಶಕ್ತಿ ಖರ್ಚಾಗುತ್ತದೆ? ಚೀಲ ಇಳಿಸಿದ ಮೇಲೆ ಆ ಖರ್ಚು ಇಲ್ಲ. ಅಂದರೆ 112 ಕೆಜಿ ಇದ್ದಾಗ ತೂಕ ಇಳಿಸಿದ ಅದೇ ಊಟ, 88 ಕೆಜಿಗೆ ಬಂದಾಗ ತೂಕ ಕಾಯ್ದುಕೊಳ್ಳುವ ಊಟ ಆಗಿಬಿಡುತ್ತದೆ. ಅದರ ಮೇಲೆ ದೇಹ ಬರಗಾಲ ಬಂದಿದೆ ಅಂತ ತಿಳಿದು ಇನ್ನಷ್ಟು ಕೈ ಬಿಗಿ ಹಿಡಿಯುತ್ತದೆ. ಹಸಿವು ಹೆಚ್ಚಿಸುತ್ತದೆ, ಖರ್ಚು ತಗ್ಗಿಸುತ್ತದೆ. ಇದು ಎಲ್ಲರ ದೇಹದಲ್ಲೂ ಆಗುವಂಥದ್ದು. ನಿಮ್ಮ ಮನಸ್ಸು ಗಟ್ಟಿ ಇಲ್ಲ ಅನ್ನೋದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಬ್ಯಾಂಡ್ ಇರುವವರಿಗೆ ಇನ್ನೊಂದು ಕಾರಣವೂ ಇದೆ. ಬ್ಯಾಂಡ್ ಅಂದರೆ ಜಠರದ ಮೇಲ್ಭಾಗಕ್ಕೆ ತೊಡಿಸಿದ ಸಿಲಿಕೋನ್ ಉಂಗುರ. ಹೊಟ್ಟೆಯ ಚರ್ಮದ ಕೆಳಗಿರುವ ಪೋರ್ಟಿಗೆ, ಅಂದರೆ ಸೂಜಿ ಹಾಕಲು ಇಟ್ಟಿರುವ ಸಣ್ಣ ಡಬ್ಬಿಗೆ, ಒಂದು ಸಣ್ಣ ಕೊಳವೆಯಿಂದ ಅದನ್ನು ಜೋಡಿಸಿರುತ್ತಾರೆ. ನೀವು ಸಣ್ಣ ಆದ ಹಾಗೆ ಆ ಉಂಗುರದ ಒಳಗಿನ ಕೊಬ್ಬೂ ಕರಗುತ್ತದೆ. ಬೆರಳು ಸಣ್ಣ ಆದರೆ ಉಂಗುರ ಜಾರುತ್ತದಲ್ವಾ, ಹಾಗೆ ಬ್ಯಾಂಡೂ ಸಡಿಲ ಆಗುತ್ತದೆ. ಆಗ ಡಾಕ್ಟರ್ ಪೋರ್ಟಿಗೆ ಸ್ವಲ್ಪ ಸಲೈನ್ ತುಂಬಿ ಉಂಗುರ ಬಿಗಿ ಮಾಡುತ್ತಾರೆ. ಇದಕ್ಕೇ ಫಿಲ್ ಅನ್ನೋದು.

ಮೂರನೆಯದು ತಿನ್ನುವ ಪದಾರ್ಥ ಗೊತ್ತಿಲ್ಲದ ಹಾಗೆ ಬದಲಾಗಿರುವುದು. ಅದರ ಬಗ್ಗೆಯೇ ನನಗೆ ಜಾಸ್ತಿ ಹೇಳೋದಿದೆ.

ಇನ್ನೂ ಬಿಗಿ ಮಾಡಿಸಿಕೊಂಡರೆ ಬೇಗ ಇಳಿಯುತ್ತದೆ ಅಲ್ವಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ನಾನು ಮಾಡಿದ ದೊಡ್ಡ ತಪ್ಪೂ ಇದೇ.

88ಕ್ಕೆ ನಿಂತಾಗ ನನಗೆ ಸಿಟ್ಟು ಬಂದಿತ್ತು. ಒಂದು ಆಸ್ಪತ್ರೆಗೆ ಹೋಗಿ "ಬಿಗಿ ಮಾಡಿ" ಅಂದೆ. ಏನು ತಿನ್ನುತ್ತೀರಿ, ಹಸಿವು ಯಾವಾಗ ಆಗುತ್ತದೆ, ಊಟ ಸಿಕ್ಕಿಕೊಳ್ಳುತ್ತದಾ ಅಂತ ಅಲ್ಲಿ ಒಂದು ಮಾತೂ ಕೇಳಲಿಲ್ಲ. ಸೂಜಿ ಹಾಕಿದರು, ತುಂಬಿದರು, ಕಳಿಸಿದರು. ಬಸ್ಸಿನಲ್ಲಿ ವಾಪಸ್ ಬರುವಾಗ ನಾನು ಖುಷಿಯಾಗಿದ್ದೆ.

ಮಾರನೇ ವಾರದಿಂದ ರೊಟ್ಟಿ ಇಳಿಯಲಿಲ್ಲ. ಕಾಳು ಪಲ್ಯ ಇಳಿಯಲಿಲ್ಲ. ಸೌತೆಕಾಯಿ ಕೂಡ ಎದೆಯಲ್ಲಿ ನಿಂತು ಕಣ್ಣಲ್ಲಿ ನೀರು ತರಿಸುತ್ತಿತ್ತು. ಹಾಗಾದರೆ ಇಳಿಯುತ್ತಿದ್ದದ್ದು ಯಾವುದು? ಶ್ಯಾವಿಗೆ ಪಾಯಸ. ಐಸ್‌ಕ್ರೀಂ. ಚಹಾದಲ್ಲಿ ಅದ್ದಿದ ಬಿಸ್ಕೆಟ್. ಒಗ್ಗರಣೆ ಹಾಕಿದ ಮೆತ್ತನೆ ಮಂಡಕ್ಕಿ. ಇವೆಲ್ಲ ಸರಾಗವಾಗಿ ಜಾರಿ ಹೋಗುತ್ತಿದ್ದವು. ಎಷ್ಟು ಹೋದರೂ ಹೊಟ್ಟೆ ತುಂಬಿದ ಹಾಗೆ ಆಗುತ್ತಿರಲಿಲ್ಲ. ನಾನು ಊಟ ಮಾಡುತ್ತಿಲ್ಲ ಅಂತಲೇ ಎಲ್ಲರಿಗೂ ಹೇಳುತ್ತಿದ್ದೆ. ನನ್ನ ಮಟ್ಟಿಗೆ ಅದು ಸುಳ್ಳೂ ಅಲ್ಲ, ತಟ್ಟೆ ಮುಂದೆ ಕೂತು ಊಟ ಮಾಡುತ್ತಲೇ ಇರಲಿಲ್ಲ. ಎರಡು ತಿಂಗಳಲ್ಲಿ 4 ಕೆಜಿ ಏರಿತು.

ಬ್ಯಾಂಡ್ ಗಟ್ಟಿ ಊಟವನ್ನು ತಡೆದು ನಿಲ್ಲಿಸುತ್ತದೆ. ಸ್ವಲ್ಪ ತಿಂದರೂ ಹೊಟ್ಟೆ ತುಂಬಿದೆ ಅನ್ನುವ ಸುದ್ದಿಯನ್ನು ನರಗಳ ಮೂಲಕ ಮೆದುಳಿಗೆ ಮುಟ್ಟಿಸುತ್ತದೆ. ಆದರೆ ನೀರಿನಂಥದ್ದನ್ನು, ಬಾಯಲ್ಲಿ ಕರಗುವಂಥದ್ದನ್ನು ಅದು ತಡೆಯುವುದಿಲ್ಲ. ಅತಿ ಬಿಗಿ ಆದರೆ ಒಳ್ಳೆಯ ಊಟ ಹೊರಗೆ ನಿಲ್ಲುತ್ತದೆ, ಸಕ್ಕರೆ ಬೆಣ್ಣೆ ಒಳಗೆ ಹೋಗುತ್ತವೆ. ಬೆಂಗಳೂರಿನ ನನ್ನ ಸರ್ಜನ್ ಹತ್ತಿರ ಹೋದಾಗ ಅವರು ಅರ್ಧ ಎಂಎಲ್ ಸಲೈನ್ ವಾಪಸ್ ತೆಗೆದರು. ಬಿಗಿ ಕಡಿಮೆ ಮಾಡಿಸಿಕೊಂಡ ಮೇಲೇ ನನ್ನ ತೂಕ ಮತ್ತೆ ಇಳಿದದ್ದು. ನಂಬೋದು ಕಷ್ಟ ಅಂತ ಗೊತ್ತು. ನನಗೂ ಆಗ ನಂಬಿಕೆ ಬರಲಿಲ್ಲ.

ಹಾಗಾದರೆ ಬಿಗಿ ಸರಿಯಾಗಿದೆ ಅಂತ ತಿಳಿಯೋದು ಹೇಗೆ?

ಡಾಕ್ಟರುಗಳು ಹಳದಿ, ಹಸಿರು, ಕೆಂಪು ಅಂತ ಸಿಗ್ನಲ್ ಲೈಟಿನ ಹಾಗೆ ಹೇಳುತ್ತಾರೆ. ಊಟ ಮಾಡಿ ಎರಡು ಗಂಟೆಗೇ ಹಸಿವು, ತಟ್ಟೆ ತುಂಬಾ ತಿಂದರೂ ಸಾಲದು ಅನಿಸುವುದು, ತೂಕ ಇಳಿಯದಿರುವುದು ಹಳದಿ. ಇದಕ್ಕೆ ಫಿಲ್ ಬೇಕಾಗಬಹುದು. ಸಣ್ಣ ತಟ್ಟೆ ಊಟಕ್ಕೇ ಸಾಕೆನಿಸಿ, ನಾಲ್ಕೈದು ಗಂಟೆ ಹಸಿವಿಲ್ಲದೆ ಇದ್ದು, ರೊಟ್ಟಿ ಪಲ್ಯದಂಥ ಗಟ್ಟಿ ಊಟ ಆರಾಮಾಗಿ ಇಳಿಯುತ್ತಿದ್ದರೆ ಹಸಿರು. ಪದೇ ಪದೇ ಸಿಕ್ಕಿಕೊಳ್ಳುವುದು, ಬಾಯಲ್ಲಿ ನೊರೆ ನೊರೆ ಜೊಲ್ಲು, ವಾಂತಿ, ರಾತ್ರಿ ಮಲಗಿದಾಗ ಹುಳಿ ತೇಗು ಮತ್ತು ಕೆಮ್ಮು, ಮೆತ್ತನೆಯದು ಮಾತ್ರ ಬೇಕೆನಿಸುವುದು ಕೆಂಪು. ಕೆಂಪಿನಲ್ಲಿದ್ದವರು ಸಲೈನ್ ತೆಗೆಸಬೇಕು.

ಫಿಲ್ ಕೇಳಿಕೊಂಡು ಹೋಗುವ ಮುಂಚೆ ಇಷ್ಟನ್ನು ನಿಮಗೆ ನೀವೇ ಕೇಳಿಕೊಳ್ಳಿ. ಡಾಕ್ಟರ್ ಕೇಳದಿದ್ದರೂ ನೀವೇ ಹೇಳಿ.

ಫಿಲ್ ಮಾಡಿಸುವಾಗ ನೋವಾಗುತ್ತಾ? ಪ್ರತಿ ಸಲ ಬೆಂಗಳೂರಿಗೇ ಹೋಗಬೇಕಾ?

ರಕ್ತ ತೆಗೆಯುವಷ್ಟೇ ನೋವು. ಪೋರ್ಟಿಗೇ ಅಂತ ಮಾಡಿದ ವಿಶೇಷ ಸೂಜಿ ಇದೆ. ಮಾಮೂಲಿ ಸೂಜಿ ಹಾಕಿದರೆ ಪೋರ್ಟ್ ಸೋರುವ ಭಯ ಇರುತ್ತದೆ. ಹಾಗಾಗಿ ಬ್ಯಾಂಡ್ ಗೊತ್ತಿಲ್ಲದವರ ಹತ್ತಿರ ಯಾವ ಕಾರಣಕ್ಕೂ ಪೋರ್ಟ್ ಮುಟ್ಟಿಸಬೇಡಿ. ಫಿಲ್ ಆದ ಕೂಡಲೇ ಅಲ್ಲೇ ಕೂತು ನಿಧಾನವಾಗಿ ನೀರು ಕುಡಿದು ನೋಡಿ. ನೀರು ಇಳಿಯದಿದ್ದರೆ ಅಲ್ಲಿಂದ ಏಳಬೇಡಿ. ನಮ್ಮೂರಿನಿಂದ ಬೆಂಗಳೂರು ಸುಮಾರು 260 ಕಿಲೋಮೀಟರ್. ತುಮಕೂರು ದಾಟಿದ ಮೇಲೆ ನೀರು ವಾಪಸ್ ಬಂದರೆ ಏನು ಮಾಡುತ್ತೀರಿ? ಫಿಲ್ ಆದ ಒಂದೆರಡು ದಿನ ಗಂಜಿ, ಸಾರಿನಂಥದ್ದು, ಆಮೇಲೆ ಮೆತ್ತಗಿನದು, ಆಮೇಲೆ ಗಟ್ಟಿ ಊಟ.

ಒಂದು ಚೀಟಿ ಪರ್ಸಿನಲ್ಲಿರಲಿ. ನಿಮ್ಮ ಬ್ಯಾಂಡ್ ಯಾವ ಕಂಪನಿಯದು, ಯಾವ ಸೈಜು, ಒಟ್ಟು ಎಷ್ಟು ಎಂಎಲ್ ಹಿಡಿಯುತ್ತದೆ, ಈಗ ಎಷ್ಟಿದೆ, ಯಾವ ದಿನ ತುಂಬಿದ್ದು. ಬ್ಯಾಂಡುಗಳು 4 ಎಂಎಲ್‌ನಿಂದ ಹಿಡಿದು 10 ಎಂಎಲ್ ದಾಟಿಯೂ ಇವೆ. ಪಕ್ಕದ ಮನೆಯವರ 5 ಎಂಎಲ್‌ಗೂ ನಿಮ್ಮ 5 ಎಂಎಲ್‌ಗೂ ತಾಳೆ ಇಲ್ಲ.

ನಾನು ತಿನ್ನೋದೇ ಇಷ್ಟು. ಆದರೂ ಯಾಕೆ ಇಳಿಯುತ್ತಿಲ್ಲ?

ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಬಾಯಿಗೆ ಹೋದದ್ದೆಲ್ಲ, ಹೋದ ಕೂಡಲೇ. ರಾತ್ರಿ ಕೂತು ನೆನಪಿನಿಂದ ಬರೆದರೆ ಪ್ರಯೋಜನ ಇಲ್ಲ.

ನನ್ನ ನೋಟ್‌ಬುಕ್ಕಿನ ಒಂದು ದಿನ ಹೀಗಿತ್ತು. ಊಟ ಅಂತ ಬರೆದದ್ದು ಮೂರೇ ಸಾಲು. ಮಧ್ಯೆ ಸ್ಟಾಫ್ ರೂಮಿನಲ್ಲಿ ಎರಡು ಸಲ ಚಹಾ, ಎರಡೆರಡು ಚಮಚ ಸಕ್ಕರೆ. ಮಗನ ತಟ್ಟೆಯಲ್ಲಿ ಉಳಿದ ಅರ್ಧ ಚಪಾತಿ. ಅಡುಗೆ ಮಾಡುವಾಗ ಒಂದು ಹಿಡಿ ಹುರಿದ ಶೇಂಗಾ. ಸಂಜೆ ಟಿವಿ ಮುಂದೆ ಡಬ್ಬಿ ಇಟ್ಟುಕೊಂಡು ಖಾರ ಮಂಡಕ್ಕಿ, ಎಷ್ಟು ಹಿಡಿ ಅಂತ ಲೆಕ್ಕವಿಲ್ಲ. ಮಂಡಕ್ಕಿ ಹಗುರ, ಗಾಳಿ ಇದ್ದ ಹಾಗೆ ಅಂತ ನಾವು ದಾವಣಗೆರೆಯವರು ಅದನ್ನು ಲೆಕ್ಕಕ್ಕೇ ತಗೊಳ್ಳಲ್ಲ. ಮಂಡಕ್ಕಿ ಭಟ್ಟಿಗಳ ಊರಲ್ಲಿ ಹುಟ್ಟಿದವರಿಗೆ ಅದೂ ಅಕ್ಕಿ ಅಂತ ನೆನಪಿರೋದಿಲ್ಲ. ಒಗ್ಗರಣೆ ಎಣ್ಣೆ ಒಂದು ದೊಡ್ಡ ಚಮಚ ಅಂದರೆ 120 ಕ್ಯಾಲೊರಿ. ಶೇಂಗಾ 100 ಗ್ರಾಮಿಗೆ 560ರ ಮೇಲೆ. ಬ್ಯಾಂಡ್ ಇದನ್ನು ಹಿಡಿಯುವುದಿಲ್ಲ. ಯಾಕೆಂದರೆ ಸ್ವಲ್ಪ ಸ್ವಲ್ಪವೇ ಹೋಗುತ್ತದೆ, ಬ್ಯಾಂಡಿನ ಮೇಲೆ ಉಳಿದಿರುವ ಜಠರದ ಸಣ್ಣ ಚೀಲ ತುಂಬುವುದೇ ಇಲ್ಲ.

ದಿನಕ್ಕೆ ಮೂರು ಊಟ, ಬೇಕಿದ್ದರೆ ಒಂದು ಸಣ್ಣ ತಿಂಡಿ. ಅದೂ ಕೂತು, ತಟ್ಟೆಗೆ ಹಾಕಿಕೊಂಡು. ಇದೊಂದನ್ನೇ ಮಾಡಿ ತೂಕ ಮತ್ತೆ ಇಳಿಸಿದವರನ್ನು ನೋಡಿದ್ದೇನೆ.

ರೊಟ್ಟಿ, ಮುದ್ದೆ, ಅನ್ನ... ನಮ್ಮ ಊಟದಲ್ಲಿ ಯಾವುದು ಒಗ್ಗುತ್ತದೆ?

ಆಸ್ಪತ್ರೆಯಲ್ಲಿ ಕೊಡುವ ಚೀಟಿಯಲ್ಲಿ ಬ್ರೆಡ್, ಟೋಸ್ಟ್, ಚಿಕನ್ ಸೂಪ್ ಅಂತ ಇರುತ್ತದೆ. ನಮ್ಮ ಅಡುಗೆಮನೆಯ ಮಾತೇ ಇರೋದಿಲ್ಲ. ಇದು ನನಗೆ ಬಹಳ ದಿನದ ಕೊರಗು.

ಖಡಕ್ ಜೋಳದ ರೊಟ್ಟಿ ನನಗೆ ಒಗ್ಗಿದಷ್ಟು ಬೇರೆ ಯಾವುದೂ ಒಗ್ಗಿಲ್ಲ. ಬಿಸಿ ಮೆತ್ತನೆ ರೊಟ್ಟಿ, ಚಪಾತಿ, ಬ್ರೆಡ್ ಬಾಯಲ್ಲಿ ಉಂಡೆ ಆಗುತ್ತವೆ. ಆ ಉಂಡೆ ಬ್ಯಾಂಡಿನ ಬಾಯಲ್ಲಿ ಬಿರಡೆ ಹಾಕಿದ ಹಾಗೆ ಕೂರುತ್ತದೆ. ಖಡಕ್ ರೊಟ್ಟಿ ಹಾಗಲ್ಲ, ಅಗಿದರೆ ಪುಡಿಯಾಗುತ್ತದೆ. ಕಾಲು ರೊಟ್ಟಿ, ಹೆಸರುಕಾಳು ಪಲ್ಯ, ಮೊಸರು, ಮೇಲೆ ಸ್ವಲ್ಪ ಗುರೆಳ್ಳು ಚಟ್ನಿಪುಡಿ. ಇದನ್ನು ಅಗಿಯಲು 20 ನಿಮಿಷ ಬೇಕೇ ಬೇಕು. ನಾಲ್ಕು ಗಂಟೆ ಹಸಿವು ಸುಳಿಯುವುದಿಲ್ಲ.

ಮುದ್ದೆ ವಿಷಯದಲ್ಲಿ ಚಿತ್ರದುರ್ಗದವರು ದಯವಿಟ್ಟು ಗಮನ ಕೊಡಿ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ಹುಟ್ಟಿದಾಗಿಂದ ಬಂದ ಅಭ್ಯಾಸ ಅದು. ಬ್ಯಾಂಡ್ ಇರುವವರಿಗೆ ಅದು ಅಪಾಯ. ತುತ್ತು ಹಾಗೇ ಹೋಗಿ ಕೂತುಬಿಡುತ್ತದೆ. ಮುದ್ದೆ ಬಿಡೋಕೆ ಆಗಲ್ಲ ಅನ್ನುವವರು ಹುಣಸೆ ಬೀಜದಷ್ಟು ಮುರಿದು, ಸಾರಲ್ಲಿ ಅದ್ದಿ, ಹಲ್ಲಿನಿಂದ ಅಗಿದು ತಿನ್ನಿ. ಅದು ಹಿಡಿಸದಿದ್ದರೆ ತೆಳ್ಳಗಿನ ರಾಗಿ ರೊಟ್ಟಿ ಮಾಡಿಕೊಳ್ಳಿ. ಅಂಬಲಿ ಕುಡಿದರೆ ಜಾರಿಹೋಗುತ್ತದೆ, ಗಂಟೆಯೊಳಗೆ ಮತ್ತೆ ಹಸಿವು.

ಬಿಸಿ ಅನ್ನ ಅಂಟು. ಕೆಲವರಿಗೆ ಇಳಿಯುತ್ತದೆ, ಕೆಲವರಿಗೆ ಆಗೋದೇ ಇಲ್ಲ. ತಿಂದರೂ ಮೊದಲು ಕಾಳು ಪಲ್ಯ, ತರಕಾರಿ, ಕೊನೆಗೆ ಎರಡು ತುತ್ತು ಅನ್ನ. ಮಾಂಸ ತಿನ್ನುವವರು ಮಟನ್ ತುಂಡಿನ ನಾರಿನ ಬಗ್ಗೆ ಎಚ್ಚರ ಇಟ್ಟುಕೊಳ್ಳಿ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ ಸಿಕ್ಕಿಕೊಂಡು ಒದ್ದಾಡಿದವರ ಫೋನ್ ನನಗೆ ಬರುತ್ತದೆ. ಖೀಮಾ, ಮೀನು, ಮೊಟ್ಟೆ ಸುಲಭ.

ಸಸ್ಯಾಹಾರಿಗಳಿಗೆ ಪ್ರೋಟೀನ್ ಸಾಲುತ್ತದಾ?

ಗಮನ ಕೊಡದಿದ್ದರೆ ಸಾಲುವುದಿಲ್ಲ. ದಿನಕ್ಕೆ 60ರಿಂದ 80 ಗ್ರಾಂ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಕಿಡ್ನಿ ತೊಂದರೆ ಇದ್ದವರು ಡಾಕ್ಟರ್ ಹೇಳಿದಷ್ಟೇ. ಒಂದು ಬಟ್ಟಲು ಬೇಳೆಯಲ್ಲಿ ಸುಮಾರು 7 ಗ್ರಾಂ, ಒಂದು ಮೊಟ್ಟೆಯಲ್ಲಿ 6, ನೂರು ಗ್ರಾಂ ಪನೀರಿನಲ್ಲಿ 18ರ ಆಸುಪಾಸು. ಒಣ ಸೋಯಾ ಚಂಕ್ಸ್ 50 ಗ್ರಾಂ ತಗೊಂಡರೆ 25 ಗ್ರಾಂ ಸಿಗುತ್ತದೆ. ಅದನ್ನು ಚೆನ್ನಾಗಿ ನೆನೆಸಿ, ಹಿಂಡಿ, ಸಣ್ಣಗೆ ಹೆಚ್ಚಿ ಪಲ್ಯಕ್ಕೆ ಹಾಕಿ. ಪ್ರೋಟೀನ್ ಸಾಲದೆ ತೂಕ ಇಳಿಸಿದರೆ ಮಾಂಸಖಂಡ ಕರಗುತ್ತದೆ. ಮಾಂಸಖಂಡ ಕರಗಿದರೆ ದೇಹದ ಖರ್ಚು ಇನ್ನೂ ಇಳಿಯುತ್ತದೆ, ತೂಕ ನಿಲ್ಲುತ್ತದೆ. ಕೂದಲು ಉದುರುವುದಕ್ಕೂ ಇದು ಒಂದು ಕಾರಣ.

ವಿಟಮಿನ್ ಮಾತ್ರೆ ಬಿಡಬೇಡಿ. ವರ್ಷಕ್ಕೊಮ್ಮೆ ಬಿ12, ಕಬ್ಬಿಣ, ವಿಟಮಿನ್ ಡಿ ನೋಡಿಸಿ.

ಊಟದ ಜೊತೆ ನೀರು ಕುಡಿಯಬಾರದಂತೆ, ನಿಜವಾ?

ನಿಜ. ಊಟದ ಜೊತೆ ಕುಡಿದರೆ ಅಗಿದದ್ದು ತೊಳೆದುಕೊಂಡು ಕೆಳಗೆ ಹೋಗುತ್ತದೆ, ಬೇಗ ಹಸಿವಾಗುತ್ತದೆ. ಊಟ ಆದ ಮೇಲೆ ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಸಿಕ್ಕಿಕೊಂಡಾಗ ನೀರು ಕುಡಿದು ತಳ್ಳುವುದೂ ತಪ್ಪು. ಎದ್ದು ನಿಂತು, ನಾಲ್ಕು ಹೆಜ್ಜೆ ಹಾಕಿ, ಸುಮ್ನೆ ಕಾಯಿರಿ. ಮಧ್ಯದ ಹೊತ್ತಿನಲ್ಲಿ ನೀರು, ನೀರು ಮಜ್ಜಿಗೆ ಎಷ್ಟಾದರೂ ಆಗಬಹುದು. ಜ್ಯೂಸು, ಸೋಡಾ, ಹಾರ್ಲಿಕ್ಸ್, ಬಾದಾಮಿ ಹಾಲು ಬೇಡ. ಕಬ್ಬಿನ ಹಾಲನ್ನು ಆರೋಗ್ಯಕ್ಕೆ ಒಳ್ಳೇದು ಅಂತ ದಿನಾ ಕುಡಿಯುತ್ತಿದ್ದವರೊಬ್ಬರು ನನಗೆ ಗೊತ್ತು. ಅವರ ತೂಕ ನಿಂತದ್ದಕ್ಕೆ ಬೇರೆ ಕಾರಣ ಹುಡುಕುವುದೇ ಬೇಕಿರಲಿಲ್ಲ.

ಒಂದು ವಾರ ಉಪವಾಸ ಮಾಡಿದರೆ ಮತ್ತೆ ಇಳಿಯಲು ಶುರುವಾಗುತ್ತದಾ?

ಮಾಡಬೇಡಿ. ನೀರು, ಮಾಂಸಖಂಡ ಹೋಗುತ್ತದೆ, ಆಮೇಲೆ ಹಸಿವು ಬಡ್ಡಿ ಸೇರಿಸಿ ತೀರಿಸಿಕೊಳ್ಳುತ್ತದೆ. ಶುಗರ್ ಮಾತ್ರೆ ತಗೊಳ್ಳುವವರಿಗೆ ಅಪಾಯವೂ ಹೌದು. ಸೋಮವಾರ, ಏಕಾದಶಿ ಅಂತ ಹಿಡಿದವರು ಅವತ್ತು ಸಂಜೆ ಸಾಬುದಾಣಿ, ಬಾಳೆಹಣ್ಣು, ಸಜ್ಜಿಗೆ ಎಷ್ಟು ತಿನ್ನುತ್ತಾರೆ ಅಂತ ಒಮ್ಮೆ ಬರೆದು ನೋಡಲಿ.

ವಾಕಿಂಗ್ ದಿನಾ ಮಾಡುತ್ತೇನೆ. ಸಾಲದಾ?

ವಾಕಿಂಗ್ ಒಳ್ಳೆಯದು. ನಾನು ಕುಂದುವಾಡ ಕೆರೆ ಏರಿಯ ಮೇಲೆ ಬೆಳಿಗ್ಗೆ ನಡೆಯುತ್ತೇನೆ. ಆದರೆ ಎರಡು ವರ್ಷ ಒಂದೇ ದಾರಿ, ಒಂದೇ ವೇಗ, ಜೊತೆಯಲ್ಲಿ ಮಾತು ಅಂದರೆ ದೇಹಕ್ಕೆ ಅದು ರೂಢಿಯಾಗಿಬಿಡುತ್ತದೆ. ವೇಗ ಬದಲಿಸಿ. ಎರಡು ನಿಮಿಷ ಜೋರು, ಎರಡು ನಿಮಿಷ ನಿಧಾನ. ಮುಖ್ಯವಾಗಿ ವಾರಕ್ಕೆ ಎರಡು ಮೂರು ದಿನ ಮಾಂಸಖಂಡಕ್ಕೆ ಕೆಲಸ ಕೊಡಿ. ಜಿಮ್ಮಿಗೇ ಹೋಗಬೇಕು ಅಂತಿಲ್ಲ. ಕುರ್ಚಿಯಿಂದ ಕೈ ಊರದೆ ಹದಿನೈದು ಸಲ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ತಳ್ಳುವುದು, ಎರಡು ಲೀಟರ್ ನೀರಿನ ಬಾಟಲಿ ಎತ್ತಿ ಇಳಿಸುವುದು. ಚಿತ್ರದುರ್ಗದವರಿಗೆ ಕೋಟೆಯ ಮೆಟ್ಟಿಲುಗಳಿಗಿಂತ ಒಳ್ಳೆಯ ಜಿಮ್ ಬೇಕಾ? ಮಂಡಿ ಗಟ್ಟಿ ಇದ್ದವರು ವಾರಕ್ಕೊಮ್ಮೆ ಹತ್ತಿ. 112 ಕೆಜಿ ಇದ್ದಾಗ ಮೊದಲ ಬಾಗಿಲಿಗೇ ಕೂತುಬಿಟ್ಟಿದ್ದೆ. 80 ಆದಾಗ ಏಕನಾಥೇಶ್ವರಿ ಗುಡಿವರೆಗೂ ನಿಲ್ಲದೆ ಹೋಗಿ ಕೈ ಮುಗಿದೆ.

ನಿದ್ದೆಯೂ ಲೆಕ್ಕಕ್ಕಿದೆ. ಐದು ಗಂಟೆ ಮಲಗುವವರಿಗೆ ಮಾರನೇ ದಿನ ಹಸಿವು ಜಾಸ್ತಿ.

ಊಟ, ನಡಿಗೆ ಎಲ್ಲಾ ಸರಿ ಇದೆ. ಆದರೂ ನಿಂತಿದೆ. ಬೇರೇನಿರಬಹುದು?

ರಕ್ತ ಪರೀಕ್ಷೆ ಮಾಡಿಸಿ. ಥೈರಾಯ್ಡ್ ನೋಡಿಸಿ. ಹೆಣ್ಣುಮಕ್ಕಳಿಗೆ ಪಿಸಿಒಡಿ (ಅಂಡಾಶಯ, ಹಾರ್ಮೋನಿನ ತೊಂದರೆ) ಇದೆಯಾ ನೋಡಿಸಿ. ತಗೊಳ್ಳುವ ಮಾತ್ರೆಗಳ ಪಟ್ಟಿ ಡಾಕ್ಟರ್ ಮುಂದಿಡಿ. ಸ್ಟೀರಾಯ್ಡ್, ಇನ್ಸುಲಿನ್, ಕೆಲವು ಶುಗರ್ ಮಾತ್ರೆ, ಖಿನ್ನತೆಗೆ ಕೊಡುವ ಕೆಲವು ಮಾತ್ರೆ ತೂಕ ಏರಿಸುತ್ತವೆ. ನೀವಾಗಿಯೇ ಒಂದನ್ನೂ ನಿಲ್ಲಿಸಬೇಡಿ. ತೂಕ ಇಳಿದ ಮೇಲೂ ಹಳೇ ಡೋಸ್ ಶುಗರ್ ಮಾತ್ರೆ ನುಂಗುತ್ತಿದ್ದರೆ ಶುಗರ್ ಥಟ್ಟನೆ ಇಳಿದು, ಕೈ ನಡುಗಿ, ಸಿಹಿ ತಿನ್ನುವ ಹಾಗಾಗುತ್ತದೆ. ದಿನಾ ಅದೇ ಆದರೆ ತೂಕ ಎಲ್ಲಿಂದ ಇಳಿಯಬೇಕು? ಡೋಸ್ ತಗ್ಗಿಸಬೇಕಾ ಅಂತ ಕೇಳಿ. ಮಂಡಿನೋವಿಗೆ ಅಂಗಡಿಯಿಂದ ಐಬುಪ್ರೊಫೆನ್, ಡೈಕ್ಲೋಫೆನಾಕ್ ತಂದು ನುಂಗುವುದನ್ನು ಬ್ಯಾಂಡ್ ಇರುವವರು ಬಿಡಬೇಕು. ಹೊಟ್ಟೆಯ ಒಳಪದರಕ್ಕೆ ಹುಣ್ಣಾಗುತ್ತದೆ.

ಬ್ಯಾಂಡಿನದೇ ತೊಂದರೆಯೂ ಇರಬಹುದು. ಇದ್ದಕ್ಕಿದ್ದ ಹಾಗೆ ಆಪರೇಷನ್ ಮುಂಚಿನಷ್ಟೇ ತಿನ್ನಲು ಆಗುತ್ತಿದ್ದರೆ ಸಲೈನ್ ಸೋರಿರಬಹುದು. ಹಾಕಿದ್ದು ಎಷ್ಟು, ವಾಪಸ್ ಬಂದದ್ದು ಎಷ್ಟು ಅಂತ ತೆಗೆದು ನೋಡಿದರೆ ತಿಳಿಯುತ್ತದೆ. ಮೇಲಿನ ಚೀಲ ಹಿಗ್ಗಿದೆಯಾ, ಬ್ಯಾಂಡ್ ಜಾರಿದೆಯಾ ಅಂತ ನೋಡಲು ಎಕ್ಸ್‌ರೇಯಲ್ಲಿ ಎದ್ದು ಕಾಣುವ ಬೇರಿಯಂ ದ್ರವ ಕುಡಿಸಿ ಎಕ್ಸ್‌ರೇ ತೆಗೆಯುತ್ತಾರೆ.

ಯಾವಾಗ ಕಾಯದೆ ಆಸ್ಪತ್ರೆಗೆ ಓಡಬೇಕು?

ನೀರೂ ಇಳಿಯದಿದ್ದರೆ. ವಾಂತಿ ನಿಲ್ಲದಿದ್ದರೆ. ಎದೆ ಅಥವಾ ಹೊಟ್ಟೆಯಲ್ಲಿ ತಡೆಯಲಾರದ ನೋವು ಬಂದರೆ. ಜ್ವರದ ಜೊತೆ ಪೋರ್ಟ್ ಜಾಗ ಕೆಂಪಾಗಿ ಊದಿದರೆ. ವಾಂತಿಯಲ್ಲಿ ರಕ್ತ ಅಥವಾ ಕಪ್ಪು ಮಲ ಕಂಡರೆ. ಬೆಂಗಳೂರಿನ ಡಾಕ್ಟರ್ ಅಪಾಯಿಂಟ್‌ಮೆಂಟ್ ಸಿಗಲಿ ಅಂತ ಕಾಯಬೇಡಿ. ದಾವಣಗೆರೆಯಲ್ಲಿ ಮೆಡಿಕಲ್ ಕಾಲೇಜ್ ಆಸ್ಪತ್ರೆಗಳಿವೆ, ಜಿಲ್ಲಾಸ್ಪತ್ರೆ ಇದೆ. ಹೋದ ಕೂಡಲೇ "ನನಗೆ ಗ್ಯಾಸ್ಟ್ರಿಕ್ ಬ್ಯಾಂಡ್ ಇದೆ, ಪೋರ್ಟ್ ಇಲ್ಲಿದೆ" ಅಂತ ಹೇಳಿ, ಆ ಚೀಟಿ ತೋರಿಸಿ. ಗ್ಯಾಸ್ಟ್ರಿಕ್ ಅಂದ ತಕ್ಷಣ ಆಸಿಡಿಟಿ ಅಂತ ತಿಳಿದುಕೊಳ್ಳುವವರು ಇದ್ದಾರೆ, ಬಿಡಿಸಿ ಹೇಳಿ. ದಿನಗಟ್ಟಲೆ ವಾಂತಿ ಆಗಿದ್ದರೆ ಅದನ್ನೂ ಹೇಳಿ. ದೇಹದಲ್ಲಿ ಬಿ1 ವಿಟಮಿನ್ ಬರಿದಾಗಿ ನರಗಳಿಗೆ ಏಟು ಬೀಳುತ್ತದೆ.

ಈಗ ಯಾರೂ ಬ್ಯಾಂಡ್ ಹಾಕಿಸಲ್ಲವಂತೆ. ತೆಗೆಸಿ ಸ್ಲೀವ್ (ಜಠರದ ಬಹುಭಾಗ ಕತ್ತರಿಸಿ ತೆಗೆಯುವ ಆಪರೇಷನ್) ಮಾಡಿಸಲಾ?

ಬ್ಯಾಂಡಿಗೂ ಒಂದು ಕಾಲ ಇತ್ತು. 1993ರಲ್ಲಿ ಬೆಲ್ಜಿಯಂನಲ್ಲಿ ಮೊದಲ ಸಲ ಲ್ಯಾಪರೊಸ್ಕೋಪಿಯಿಂದ (ಸಣ್ಣ ತೂತುಗಳ ಮೂಲಕ) ಹಾಕಿದರು, 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಈಗ ಸ್ಲೀವ್ ಮತ್ತು ಬೈಪಾಸ್ (ಜಠರ ಸಣ್ಣದು ಮಾಡಿ ನೇರ ಕರುಳಿಗೆ ಜೋಡಿಸುವುದು) ಮಾಡುವವರೇ ಜಾಸ್ತಿ, ಅವುಗಳಲ್ಲಿ ಸರಾಸರಿ ತೂಕವೂ ಹೆಚ್ಚು ಇಳಿಯುತ್ತದೆ. ಬ್ಯಾಂಡ್ ಜಾರಿದ್ದರೆ, ಹೊಟ್ಟೆಯೊಳಗೆ ಕೊರೆದಿದ್ದರೆ, ಎಷ್ಟು ಸರಿಪಡಿಸಿದರೂ ಆಗದಿದ್ದರೆ ತೆಗೆಯುವುದೇ ಸರಿ. ತೆಗೆಸಿ ಸುಮ್ಮನಿದ್ದರೆ ತೂಕ ಬಹುಮಟ್ಟಿಗೆ ವಾಪಸ್ ಬರುತ್ತದೆ, ಅದಕ್ಕೇ ಇನ್ನೊಂದು ಆಪರೇಷನ್ ಮಾತು ಬರುವುದು. ಎರಡನೇ ಆಪರೇಷನ್ ಮೊದಲನೆಯದಕ್ಕಿಂತ ತುಸು ಕಷ್ಟದ್ದು. ಬರೀ ತೂಕ ನಿಂತಿದೆ ಅನ್ನುವ ಒಂದೇ ಕಾರಣಕ್ಕೆ ಅವಸರ ಬೇಡ. ಇಲ್ಲಿ ಬರೆದದ್ದನ್ನೆಲ್ಲ ಮೂರು ತಿಂಗಳು ಪ್ರಾಮಾಣಿಕವಾಗಿ ಮಾಡಿ, ಬ್ಯಾಂಡ್ ಪರೀಕ್ಷೆ ಮಾಡಿಸಿ, ಆಮೇಲೆ ತೀರ್ಮಾನಿಸಿ.

2025ರಿಂದ ನಮ್ಮ ದೇಶದಲ್ಲಿ ತೂಕ ಇಳಿಸುವ ಹೊಸ ಇಂಜೆಕ್ಷನ್‌ಗಳೂ ಸಿಗುತ್ತಿವೆ. ಟಿರ್ಜೆಪಟೈಡ್, ಸೆಮಾಗ್ಲುಟೈಡ್ ಅಂತ. ವಾಕರಿಕೆ, ವಾಂತಿ ಇವುಗಳ ಸಾಮಾನ್ಯ ತೊಂದರೆ. ಬ್ಯಾಂಡ್ ಇರುವವರಿಗೆ ವಾಂತಿ ಹಗುರದ ವಿಷಯ ಅಲ್ಲ, ಬ್ಯಾಂಡ್ ಜಾರಬಹುದು. ನಿಮ್ಮ ಸರ್ಜನ್ ಮತ್ತು ಶುಗರ್ ಡಾಕ್ಟರ್ ಇಬ್ಬರಿಗೂ ಗೊತ್ತಿದ್ದೇ ಶುರುಮಾಡಿ.

"ಇಷ್ಟು ದುಡ್ಡು ಸುರಿದು ಇಷ್ಟೇನಾ ಇಳಿದಿದ್ದು?" ಅಂತಾರೆ. ಏನು ಹೇಳಲಿ?

ಇದನ್ನು ಕೇಳುವವರ ಧ್ವನಿ ಯಾವಾಗಲೂ ಸಣ್ಣದಾಗುತ್ತದೆ. ಹತ್ತಿರದ ನೆಂಟರ ಮದುವೆಯಲ್ಲಿ ನನಗೂ ಹೀಗಂದರು. ಆ ಮಾತು ಕೇಳಿದ ಮೇಲೆ ಅವಸರದಲ್ಲಿ ಹೋಳಿಗೆಯ ಒಂದು ದೊಡ್ಡ ತುಂಡು ನುಂಗಿ, ಅದು ಸಿಕ್ಕಿಕೊಂಡು, ಕೈತೊಳೆಯುವ ನಲ್ಲಿಗಳ ಹಿಂದೆ ಗೋಡೆ ಹಿಡಿದು ಅರ್ಧ ಗಂಟೆ ನಿಂತಿದ್ದೆ. ಒಳಗೆ ಫೋಟೋಗೆ ಕರೆಯುತ್ತಿದ್ದರು.

ಬ್ಯಾಂಡ್‌ನಲ್ಲಿ ಎರಡು ಮೂರು ವರ್ಷದಲ್ಲಿ ಹೆಚ್ಚುವರಿ ತೂಕದ ಸುಮಾರು ಅರ್ಧ ಇಳಿದರೆ ಅದು ಒಳ್ಳೆಯ ಫಲಿತಾಂಶ. ನಾನು ಬಿಪಿ ಮಾತ್ರೆ ನಿಲ್ಲಿಸಿ ವರ್ಷಗಳಾದವು, ಡಾಕ್ಟರೇ ನಿಲ್ಲಿಸಿದ್ದು. ಮೂರನೇ ಮಹಡಿ ಕ್ಲಾಸಿಗೆ ನಿಲ್ಲದೆ ಹತ್ತುತ್ತೇನೆ. ಕೇಳಿದವರಿಗೆಲ್ಲ ಲೆಕ್ಕ ಕೊಡಬೇಕಿಲ್ಲ. ಮದುವೆ ಮನೆಯಲ್ಲಿ ಪಂಕ್ತಿಯ ತುದಿಯಲ್ಲಿ ಕೂತು, ಬಡಿಸುವವರಿಗೆ ಮೊದಲೇ ಹೇಳಿಬಿಡಿ. ಮನೆಯವರಲ್ಲಿ ಒಬ್ಬರಿಗಾದರೂ ಬ್ಯಾಂಡ್ ಹೇಗೆ ಕೆಲಸ ಮಾಡುತ್ತದೆ ಅಂತ ಕೂರಿಸಿಕೊಂಡು ತಿಳಿಸಿ. ನನ್ನ ಅತ್ತೆಗೆ ಬೆರಳಿನ ಉಂಗುರ ತೋರಿಸಿ ಹೇಳಿದೆ. ಅವತ್ತಿನಿಂದ "ಇನ್ನೊಂದು ಹಾಕ್ಸ್ಕೋ" ಅನ್ನುವುದನ್ನು ನಿಲ್ಲಿಸಿದರು. ಮನಸ್ಸು ತೀರಾ ಕುಗ್ಗಿದ್ದರೆ, ನಿದ್ದೆ ಬರದಿದ್ದರೆ, ಗುಟ್ಟಾಗಿ ತಿನ್ನುವಂತಾಗಿದ್ದರೆ ಆಪ್ತ ಸಲಹೆಗಾರರ ಹತ್ತಿರ ಹೋಗಿ. ಊಟದ ಚೀಟಿಯಿಂದ ಅದು ಸರಿಹೋಗುವುದಿಲ್ಲ.

ಬೆಣ್ಣೆ ದೋಸೆ ಇನ್ನು ತಿನ್ನಂಗೇ ಇಲ್ವಾ?

ತಿನ್ನಬಹುದು. ದಾವಣಗೆರೆಯಲ್ಲಿದ್ದುಕೊಂಡು ಬೇಡ ಅಂತ ನಾನು ಹೇಳೋದಿಲ್ಲ. ಆದರೆ ಒಂದು ದೊಡ್ಡ ಚಮಚ ಬೆಣ್ಣೆ ಅಂದರೆ 100 ಕ್ಯಾಲೊರಿ, ನಮ್ಮ ಹೋಟೆಲಿನವರು ಒಂದು ಚಮಚಕ್ಕೆ ನಿಲ್ಲಿಸುವವರಲ್ಲ. ನಾನು ತಿಂಗಳಿಗೊಮ್ಮೆ ಭಾನುವಾರ ಮಗನ ಜೊತೆ ಹೋಗುತ್ತೇನೆ. ಒಂದು ದೋಸೆ, ಇಬ್ಬರಿಗೆ ಎರಡು ತಟ್ಟೆ. ಮೇಲಿನ ಬೆಣ್ಣೆ ಉಂಡೆ ಅವನ ತಟ್ಟೆಗೆ. ಗರಿ ಗರಿ ಅಂಚಿನಿಂದ ಶುರು ಮಾಡುತ್ತೇನೆ, ಬಿಳಿ ಚಟ್ನಿ ಹಚ್ಚಿ, ಸಣ್ಣ ಸಣ್ಣ ತುಂಡು. ಮಧ್ಯದ ಮೆತ್ತನೆ ಭಾಗ ಬ್ಯಾಂಡಿಗೆ ಒಗ್ಗುವುದಿಲ್ಲ, ಅದನ್ನು ಬಿಡುತ್ತೇನೆ. ನನ್ನ ಪಾಲು ಮುಗಿಯುವ ಹೊತ್ತಿಗೆ ಅವನು ಎರಡನೇ ದೋಸೆ ಮುಗಿಸಿ ಕೈ ತೊಳೆದು ಬಂದಿರುತ್ತಾನೆ. ಹೋದ ಭಾನುವಾರ ಬೆಳಿಗ್ಗೆ ನನ್ನ ತೂಕ 76 ಇತ್ತು. ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಚಪ್ಪಲಿ ಹಾಕಿಕೊಂಡು ದೋಸೆಗೆ ಹೋದೆವು.